ಪರನಾಡಿನ ಬಳಗ: ಅದರ ಬಲ, ಅದರ ಬವಣೆ

ಊರಿಗೆ ಹೋದಾಗಲೆಲ್ಲ ನನಗೆ ತಪ್ಪದೆ ಎದುರಾಗುವ ಪ್ರಶ್ನೆಯೊಂದಿದೆ. ಮಗನನ್ನೋ ಮಗಳನ್ನೋ ಓದಲೆಂದು ಲಂಡನ್ನಿಗೆ ಕಳುಹಿಸುವ ಸಿದ್ಧತೆಯಲ್ಲಿರುವ ತಂದೆ-ತಾಯಿಯರು ಮನೆಗೆ ಬರುತ್ತಾರೆ. ಶುಲ್ಕ, ವೀಸಾ, ಬಾಡಿಗೆ, ಚಳಿ, ಊಟ ಎಲ್ಲವನ್ನೂ ವಿಚಾರಿಸುತ್ತಾರೆ. ಕಾಫಿ ಮುಗಿದು ಹೊರಡುವಾಗ, ಬಾಗಿಲ ಬಳಿ ಚಪ್ಪಲಿ ಮೆಟ್ಟುತ್ತ, ತುಸು ತಗ್ಗಿದ ದನಿಯಲ್ಲಿ ಕೇಳುತ್ತಾರೆ: "ಡಾಕ್ಟ್ರೇ, ಅಲ್ಲಿ ಏನಾದರೂ ಹೆಚ್ಚುಕಡಿಮೆಯಾದರೆ ಇವನಿಗೆ ಯಾರಿದ್ದಾರೆ?"

"ಬಳಗವಿದೆ, ಚಿಂತಿಸಬೇಡಿ" ಎಂದು ನಾನು ಹೇಳುತ್ತ ಬಂದಿದ್ದೇನೆ. ಅದು ಸುಳ್ಳೇನಲ್ಲ. ಆದರೆ ಆ ಬಳಗವೆಂಬುದು ಏನು, ಅದನ್ನು ನಡೆಸುವವರು ಯಾರು, ಅದು ಏತರಿಂದ ಉಳಿಯುತ್ತದೆ, ಏತರಿಂದ ಕುಸಿಯುತ್ತದೆ ಎಂಬುದು ನನಗೇ ಸರಿಯಾಗಿ ತಿಳಿದಿರಲಿಲ್ಲ. ಬ್ರಿಟನ್ನಿಗೆ ಬಂದು ಎರಡೂವರೆ ದಶಕ ಕಳೆದ ವೈದ್ಯನೊಬ್ಬ ಬಾಗಿಲ ಬಳಿ ಕೊಡಲಾಗದ ಉದ್ದನೆಯ ಉತ್ತರವನ್ನು ಇಲ್ಲಿ ಬರೆಯುತ್ತಿದ್ದಾನೆಂದು ಓದುಗರು ತಿಳಿಯಬೇಕು.

ಮೊದಲಿಗೆ ಒಂದು ವಾಸ್ತವ. ವಿದ್ಯಾರ್ಥಿ ವೀಸಾದ ಮೇಲೆ ಬರುವವರು ಆರೋಗ್ಯ ಸೇವೆಗೆಂದು ವರ್ಷಕ್ಕೆ 776 ಪೌಂಡ್ ಮುಂಗಡವಾಗಿ ಕಟ್ಟಿರುತ್ತಾರೆ. ಆದ್ದರಿಂದ ಕಾಯಿಲೆ ಬಿದ್ದರೆ ಎನ್‌ಎಚ್‌ಎಸ್ ಆಸ್ಪತ್ರೆಯ ಬಾಗಿಲು ತೆರೆದಿರುತ್ತದೆ. ಆದರೆ ಅದೇ ವೀಸಾದಲ್ಲಿ ಇನ್ನೊಂದು ಷರತ್ತೂ ಇದೆ: ಸಾರ್ವಜನಿಕ ನಿಧಿಯಿಂದ ಯಾವ ನೆರವೂ ದೊರೆಯದು. ಬಾಡಿಗೆ ಕಟ್ಟಲಾಗದಿದ್ದರೆ, ಕೆಲಸ ಕಳೆದುಕೊಂಡರೆ, ಊಟಕ್ಕೆ ತತ್ವಾರವಾದರೆ ಸರ್ಕಾರ ಇಲ್ಲಿನ ಪ್ರಜೆಗಳಿಗೆ ಕೊಡುವ ಭತ್ಯೆ ಅವರಿಗಿಲ್ಲ. ಪದವಿ ತರಗತಿಯ ವಿದ್ಯಾರ್ಥಿ ಪಾಠದ ದಿನಗಳಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯುವಂತೆಯೂ ಇಲ್ಲ. ಊರಿನಲ್ಲಾದರೆ ಈ ಅಂತರವನ್ನು ಅಣ್ಣ-ತಮ್ಮಂದಿರು, ಸೋದರಮಾವ, ಪಕ್ಕದ ಮನೆಯವರು ತುಂಬುತ್ತಾರೆ. ಇಲ್ಲಿ ಅದನ್ನು ತುಂಬುವುದು ಲಾಭದ ಉದ್ದೇಶವಿಲ್ಲದ ಸಂಘ-ಸಂಸ್ಥೆಗಳು.

ದಾನದ ಮೇಲೆ ನಿಂತ ನಾಡು

ನಾನು ಈ ದೇಶಕ್ಕೆ ಬಂದ ಹೊಸದರಲ್ಲಿ ನನ್ನನ್ನು ಅತ್ಯಂತ ಬೆರಗುಗೊಳಿಸಿದ್ದು ಆಸ್ಪತ್ರೆಯ ಯಂತ್ರಗಳಲ್ಲ. ವೈಟ್‌ಚಾಪಲ್‌ನ ರಾಯಲ್ ಲಂಡನ್ ಆಸ್ಪತ್ರೆಯಿಂದ ಹಾರುವ ಕೆಂಪು ಹೆಲಿಕಾಪ್ಟರ್ ಅನ್ನು ಲಂಡನ್ನಿಗರೆಲ್ಲ ಬಲ್ಲರು. ಅಪಘಾತದಲ್ಲಿ ಮಾರಣಾಂತಿಕವಾಗಿ ಗಾಯಗೊಂಡವರ ಬಳಿಗೆ ವೈದ್ಯರನ್ನೇ ಕೊಂಡೊಯ್ಯುವ ಆ ಏರ್ ಆಂಬುಲೆನ್ಸ್ 1989ರಿಂದ ಸೇವೆಯಲ್ಲಿದೆ. ಅದು ಸರ್ಕಾರದ್ದೆಂದೇ ನಾನು ತಿಳಿದಿದ್ದೆ. ಅದೊಂದು ದತ್ತಿ ಸಂಸ್ಥೆಯೆಂದೂ ಅದರ ವೆಚ್ಚದ ಬಹುಪಾಲು ಜನರ ದೇಣಿಗೆಯಿಂದ ಬರುತ್ತದೆಂದೂ ತಿಳಿದದ್ದು ಆಮೇಲೆ. ಸಾವಿನ ಅಂಚಿನಲ್ಲಿರುವ ರೋಗಿಗಳ ನೋವನ್ನು ಶಮನಗೊಳಿಸುವ ಆಧುನಿಕ ಹಾಸ್ಪಿಸ್ ಚಳವಳಿ ಆರಂಭವಾದದ್ದೂ ಇದೇ ನಗರದಲ್ಲಿ. 1967ರಲ್ಲಿ ಸಿಸಿಲಿ ಸಾಂಡರ್ಸ್ ಸಿಡನ್‌ಹ್ಯಾಮ್‌ನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆದರು. ಇಂದಿಗೂ ಇಲ್ಲಿನ ಹೆಚ್ಚಿನ ಹಾಸ್ಪಿಸ್‌ಗಳು ದತ್ತಿ ಸಂಸ್ಥೆಗಳೇ.

ಈ ಪರಂಪರೆ ಹಳೆಯದು. ದತ್ತಿಯ ಹಣ ದುರುಪಯೋಗವಾಗದಂತೆ ಎಲಿಜಬೆತ್ ರಾಣಿಯ ಕಾಲದಲ್ಲೇ, 1601ರಲ್ಲಿ, ಒಂದು ಶಾಸನವಾಯಿತು. 1853ರಲ್ಲಿ ಚಾರಿಟಿ ಕಮಿಷನ್ ಎಂಬ ಮೇಲ್ವಿಚಾರಣಾ ಸಂಸ್ಥೆ ಹುಟ್ಟಿತು. ದಾನ ಕೊಡುವುದು ಪುಣ್ಯದ ಕಾರ್ಯವಾದರೂ ದಾನವನ್ನು ಕಾಯುವುದು ಲೆಕ್ಕದ ಕಾರ್ಯ ಎಂಬುದನ್ನು ಈ ಸಮಾಜ ನಾಲ್ಕು ಶತಮಾನಗಳ ಹಿಂದೆಯೇ ಕಂಡುಕೊಂಡಿತ್ತು. ನಾನು ಅದನ್ನು ಕಲಿಯಲು ಬಹಳ ತಡಮಾಡಿದೆ.

ನಮ್ಮವರು ಕಟ್ಟಿದ್ದು

ನಮ್ಮವರು ಇಲ್ಲಿ ಕಟ್ಟಿದ ಸಂಸ್ಥೆಗಳೂ ಕಡಿಮೆಯೇನಲ್ಲ. 1983ರಲ್ಲಿ ಆರಂಭವಾದ ಕನ್ನಡ ಬಳಗ, ಯುಕೆ, ನಾಲ್ಕು ದಶಕಗಳನ್ನು ದಾಟಿ ಯುಗಾದಿ-ದೀಪಾವಳಿಗಳಲ್ಲಿ ದೇಶದ ಮೂಲೆಮೂಲೆಯ ಕನ್ನಡಿಗರನ್ನು ಒಂದೆಡೆ ಸೇರಿಸುತ್ತ ಬಂದಿದೆ. ಲಂಡನ್ನಿನ ಪಶ್ಚಿಮ ಕೆನ್ಸಿಂಗ್ಟನ್‌ನಲ್ಲಿ, ಒಂದು ಕಾಲಕ್ಕೆ ಚರ್ಚ್ ಆಗಿದ್ದ ಕಟ್ಟಡದಲ್ಲಿ, ಭಾರತೀಯ ವಿದ್ಯಾಭವನವಿದೆ. ಶಿವಮೊಗ್ಗದ ತುಂಗಾತೀರದ ಹಳ್ಳಿಯಿಂದ ಬಂದ ಮತ್ತೂರು ಕೃಷ್ಣಮೂರ್ತಿಯವರು ಅದನ್ನು ದೀರ್ಘಕಾಲ ಮುನ್ನಡೆಸಿದರು. ಅವರ ನಂತರ ಅದೇ ಊರಿನ ಡಾ. ನಂದಕುಮಾರ ಅವರು ಆ ಹೊಣೆ ಹೊತ್ತರು. ಇಲ್ಲಿಯೇ ಹುಟ್ಟಿ ಬೆಳೆದ ಎಷ್ಟೋ ಮಕ್ಕಳು ಸಂಗೀತದ ಸ್ವರ, ಮೃದಂಗದ ಮಾತ್ರೆ ಕಲಿತದ್ದು ಆ ಕಟ್ಟಡದಲ್ಲಿ.

ವೈದ್ಯನಾಗಿ ನಾನು ಮರೆಯಲಾಗದ ಇನ್ನೊಂದು ಉದಾಹರಣೆಯಿದೆ. 2006ರಲ್ಲಿ ಇಲ್ಲಿನ ವಲಸೆ ನಿಯಮಗಳು ದಿಢೀರನೆ ಬದಲಾದವು. ಅದರ ಬೆನ್ನಿಗೇ ಬಂದ ಆರೋಗ್ಯ ಇಲಾಖೆಯ ಸೂಚನೆಯಿಂದ, ಯುರೋಪಿನ ಹೊರಗಿನಿಂದ ಬಂದು ಇಲ್ಲಿಯೇ ಕಾನೂನುಬದ್ಧವಾಗಿ ನೆಲೆಸಿದ್ದ ವೈದ್ಯರೂ ತರಬೇತಿ ಹುದ್ದೆಗಳ ಸಾಲಿನಲ್ಲಿ ಕೊನೆಗೆ ಬಿದ್ದರು. ಸಾಲ ಮಾಡಿ ಬಂದ, ಮನೆ ಮಾಡಿ ಕುಳಿತ ಯುವ ವೈದ್ಯರು ಏನು ಮಾಡಬೇಕು? ಒಬ್ಬ ಕಿರಿಯ ವೈದ್ಯ ಸರ್ಕಾರದ ವಿರುದ್ಧ ನಿಲ್ಲಲಾರ. 1996ರಲ್ಲಿ ಸ್ಥಾಪನೆಯಾಗಿದ್ದ ಭಾರತೀಯ ಮೂಲದ ವೈದ್ಯರ ಸಂಘ, ಬಾಪಿಯೋ, ನ್ಯಾಯಾಲಯದ ಮೆಟ್ಟಿಲೇರಿತು. 2008ರ ಏಪ್ರಿಲ್ 30ರಂದು ಹೌಸ್ ಆಫ್ ಲಾರ್ಡ್ಸ್ ಆ ಸೂಚನೆ ಕಾನೂನುಬಾಹಿರವೆಂದು ತೀರ್ಪಿತ್ತಿತು. ಸದಸ್ಯರ ವಂತಿಗೆ ಮತ್ತು ಕೆಲವರ ಬಿಡುವಿನ ವೇಳೆ, ಇಷ್ಟೇ ಬಂಡವಾಳವಿರುವ ಸಂಘವೊಂದು ಏನನ್ನು ಸಾಧಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ನನಗೆ ಗೊತ್ತಿಲ್ಲ.

ಇವೆಲ್ಲ ದೊಡ್ಡ ಸಂಸ್ಥೆಗಳು. ಇವುಗಳ ಜೊತೆಗೆ ಬಡಾವಣೆಗೊಂದರಂತೆ ಸಣ್ಣ ಸಣ್ಣ ಗುಂಪುಗಳಿವೆ. ಅಂಥದೊಂದು ಗುಂಪಿನ, ಸುಮಾರು 80 ಕುಟುಂಬಗಳ ಬಳಗದ, ಖಜಾಂಚಿ ನಾನಾಗಿದ್ದೆ. ಮುಂದಿನದು ಆಗಿನ ಕಥೆ. ಆ ಕುಟುಂಬದ ಗುರುತು ಸಿಗದಂತೆ ಕೆಲವು ವಿವರಗಳನ್ನು ಬೇಕೆಂದೇ ಬದಲಿಸಿದ್ದೇನೆ.

ಫೆಬ್ರುವರಿಯ ಒಂದು ಶುಕ್ರವಾರ

ರಾತ್ರಿ ಹತ್ತರ ಹೊತ್ತಿಗೆ ಫೋನ್ ಬಂತು. ಸ್ನಾತಕೋತ್ತರ ಪದವಿಗೆಂದು ಬಂದು ಐದು ತಿಂಗಳಾಗಿದ್ದ ಹುಡುಗನೊಬ್ಬ ತನ್ನ ಕೋಣೆಯಲ್ಲಿ ನಿದ್ದೆಯಲ್ಲೇ ತೀರಿಕೊಂಡಿದ್ದ. ಕರೆ ಮಾಡಿದವನು ಅವನ ಜೊತೆಗಾರ. ಅವನಿಗೂ ಇಪ್ಪತ್ಮೂರು ವರ್ಷ. "ಅಂಕಲ್, ಅವರ ಮನೆಗೆ ಯಾರು ಹೇಳಬೇಕು?" ಎಂದು ಕೇಳಿದ. ಆ ಹೊತ್ತಿಗೆ ಕರ್ನಾಟಕದಲ್ಲಿ ಬೆಳಗಿನ ಜಾವ ಮೂರೂವರೆ. ಸಾವಿನ ಸುದ್ದಿ ಹೇಳುವುದು ನನ್ನ ವೃತ್ತಿಯ ಭಾಗ. ಆದರೂ ಆ ಕರೆಯನ್ನು ಮಾಡಲು ನಾನು ಬೆಳಕು ಹರಿಯುವವರೆಗೆ ಕಾದೆ.

ಇಲ್ಲಿ ಹೀಗೆ ಅನಿರೀಕ್ಷಿತವಾಗಿ ಯಾರಾದರೂ ತೀರಿಕೊಂಡರೆ ವಿಷಯ ಕರೋನರ್ ಎಂಬ ಅಧಿಕಾರಿಗೆ ಹೋಗುತ್ತದೆ. ಮರಣೋತ್ತರ ಪರೀಕ್ಷೆಯಾಗಬೇಕು. ದೇಹವನ್ನು ದೇಶದಿಂದ ಹೊರಗೆ ಒಯ್ಯಲು ಕರೋನರ್ ಅವರ ಪ್ರತ್ಯೇಕ ಅನುಮತಿ ಬೇಕು. ದೇಹ ಕೆಡದಂತೆ ಸಂರಕ್ಷಿಸಿ, ಅದಕ್ಕೆ ಪ್ರಮಾಣಪತ್ರ ಪಡೆಯಬೇಕು. ಆಲ್ಡ್ವಿಚ್‌ನಲ್ಲಿರುವ ಇಂಡಿಯಾ ಹೌಸ್‌ನಲ್ಲಿ, ಅಂದರೆ ನಮ್ಮ ಹೈಕಮಿಷನ್ ಕಚೇರಿಯಲ್ಲಿ, ಪಾಸ್‌ಪೋರ್ಟ್ ರದ್ದುಪಡಿಸಿ ನಿರಾಕ್ಷೇಪಣಾ ಪತ್ರ ಪಡೆಯಬೇಕು. ವಿಮಾನದ ಸರಕು ವಿಭಾಗದಲ್ಲಿ ಸ್ಥಳ ಕಾದಿರಿಸಬೇಕು. ಕಷ್ಟದಲ್ಲಿರುವವರ ನೆರವಿಗೆಂದು ಭಾರತ ಸರ್ಕಾರ 2009ರಲ್ಲಿ ಸ್ಥಾಪಿಸಿದ ಭಾರತೀಯ ಸಮುದಾಯ ಕಲ್ಯಾಣ ನಿಧಿ ಎಂಬುದೊಂದಿದೆ. ಅರ್ಹತೆಯಿದ್ದರೆ ಅದರಿಂದ ಸಹಾಯ ಕೇಳಬಹುದು. ಆದರೆ ಆ ರಾತ್ರಿ ನಮಗೆ ಅಷ್ಟೆಲ್ಲ ತಿಳಿಯದು. ಹಣ ಬೇಕು, ಬೇಗ ಬೇಕು ಎಂಬುದಷ್ಟೇ ತಲೆಯಲ್ಲಿತ್ತು.

ನಮ್ಮ ಬಳಗದ ಬ್ಯಾಂಕ್ ಖಾತೆಗೆ ಇಬ್ಬರ ಸಹಿ ಬೇಕಿತ್ತು. ಎರಡನೆಯವರು ಮದುವೆಗೆಂದು ಊರಿಗೆ ಹೋಗಿದ್ದರು. ನಾನು ಹೆಚ್ಚು ಯೋಚಿಸದೆ ನನ್ನ ಸ್ವಂತ ಖಾತೆಯ ಸಂಖ್ಯೆಯನ್ನೇ ವಾಟ್ಸ್‌ಆ್ಯಪ್‌ನಲ್ಲಿ ಹಾಕಿದೆ. ಆ ಸಂದೇಶ ಒಂದು ಗುಂಪಿನಿಂದ ಇನ್ನೊಂದಕ್ಕೆ ಹಾರಿತು. ಸೋಮವಾರ ಬೆಳಗಾಗುವಷ್ಟರಲ್ಲಿ ಮುನ್ನೂರಕ್ಕೂ ಹೆಚ್ಚು ಜನ 11,400 ಪೌಂಡ್ ಕಳುಹಿಸಿದ್ದರು. ಐದು ಪೌಂಡ್ ಕೊಟ್ಟ ವಿದ್ಯಾರ್ಥಿಗಳಿದ್ದರು. ಐನೂರು ಕೊಟ್ಟು ಹೆಸರು ಹೇಳಬೇಡಿ ಎಂದವರಿದ್ದರು. ತಮಿಳರು, ಪಂಜಾಬಿಗಳು, ಹುಡುಗ ಸಂಜೆ ಕೆಲಸ ಮಾಡುತ್ತಿದ್ದ ಅಂಗಡಿಯ ಸಹೋದ್ಯೋಗಿಗಳೂ ಕೊಟ್ಟಿದ್ದರು. ಮಂಗಳವಾರ ನನ್ನ ಬ್ಯಾಂಕಿನವರು ಅನುಮಾನಗೊಂಡು ಖಾತೆಯನ್ನು ತಡೆಹಿಡಿದು, ಇಷ್ಟೊಂದು ಅಪರಿಚಿತರು ನಿಮಗೇಕೆ ಹಣ ಕಳುಹಿಸುತ್ತಿದ್ದಾರೆಂದು ಕೇಳಿದರು. ಆಗ ನನಗೆ ಸಿಟ್ಟು ಬಂತು. ಈಗ ಯೋಚಿಸಿದರೆ, ಅವರು ಕೇಳಿದ್ದು ಸರಿಯಾದ ಪ್ರಶ್ನೆಯೇ.

ಹತ್ತೊಂಬತ್ತು ದಿನಗಳ ನಂತರ ಹುಡುಗನ ದೇಹ ಬೆಂಗಳೂರಿಗೆ ಹೊರಟಿತು. ಒಟ್ಟು ಖರ್ಚು 5,200 ಪೌಂಡ್. ಉಳಿದದ್ದು 6,200.

ತಂದೆ ಕೇಳಿದ್ದು

ಉಳಿದ ಹಣವನ್ನು ಹುಡುಗನ ತಂದೆಗೇ ಕಳುಹಿಸುವುದೆಂದು ನಾನು ಮನಸ್ಸಿನಲ್ಲೇ ತೀರ್ಮಾನಿಸಿ ಅವರಿಗೆ ಫೋನ್ ಮಾಡಿದೆ. ಅವರು ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕರು. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಹಣ ಬೇಡ ಡಾಕ್ಟ್ರೇ. ಅವನನ್ನು ಮನೆಗೆ ಮುಟ್ಟಿಸಿದಿರಿ, ಅಷ್ಟು ಸಾಕು. ಕೊಟ್ಟವರ ಪಟ್ಟಿಯೊಂದಿದ್ದರೆ ಕಳಿಸಿಕೊಡಿ. ಒಬ್ಬೊಬ್ಬರಿಗೂ ಒಂದು ಕಾಗದ ಬರೆಯಬೇಕು. ಋಣ ಯಾರದೆಂದಾದರೂ ತಿಳಿದಿರಬೇಕಲ್ಲ."

ನನ್ನ ಬಳಿ ಪಟ್ಟಿ ಇರಲಿಲ್ಲ.

ನನ್ನ ಬಳಿ ಇದ್ದದ್ದು ಬ್ಯಾಂಕಿನ ವಿವರಪಟ್ಟಿ. ಅದರಲ್ಲಿ ನನ್ನ ಸಂಬಳ, ಮನೆಸಾಲದ ಕಂತು, ತರಕಾರಿ ಅಂಗಡಿಯ ಖರ್ಚುಗಳ ನಡುವೆ ಆ ಮುನ್ನೂರು ಜನ ಚದುರಿಹೋಗಿದ್ದರು. ಕೆಲವೆಡೆ ಬರೀ ಇನಿಷಿಯಲ್ಲು, ಕೆಲವೆಡೆ 'ಸಹಾಯ' ಎಂಬ ಒಂದೇ ಪದ. 'ನಾಲ್ಕನೇ ಫ್ಲ್ಯಾಟಿನವರೆಲ್ಲರಿಂದ' ಎಂಬುದೂ ಒಂದಿತ್ತು. ನೂರಕ್ಕೂ ಹೆಚ್ಚು ಜನರ ಗುರುತು ಹಿಡಿಯಲು ನನ್ನಿಂದ ಸಾಧ್ಯವೇ ಆಗಲಿಲ್ಲ. ಮಗನನ್ನು ಕಳೆದುಕೊಂಡ ತಂದೆ ಕೇಳಿದ್ದು ಒಂದೇ ಒಂದು ವಸ್ತು. ಅದನ್ನು ನಾನು ಕೊಡಲಾರದವನಾದೆ.

ಆ ವರ್ಷದ ವಾರ್ಷಿಕ ಮಹಾಸಭೆಯಲ್ಲಿ ಯುವ ಸದಸ್ಯೆಯೊಬ್ಬರು ಎದ್ದು, "ಉಳಿದ ಹಣ ಎಲ್ಲಿದೆ ಸರ್?" ಎಂದು ಕೇಳಿದರು. ನನಗೆ ಮುಖಕ್ಕೆ ಹೊಡೆದಂತಾಯಿತು. ಮೂರು ವಾರ ರಜೆ ಹಾಕಿ ಓಡಾಡಿದವನನ್ನು ಹೀಗೆ ಕೇಳುವುದೇ ಎಂದು ಮನೆಗೆ ಬಂದು ಹೆಂಡತಿಯ ಮುಂದೆ ಕೂಗಾಡಿದೆ. ಅವಳು ಶಾಂತವಾಗಿ, "ಎಲ್ಲಿದೆ ಅಂತ ಹೇಳಿದಿರೋ ಇಲ್ಲವೋ?" ಎಂದಳು. ಹೇಳಿರಲಿಲ್ಲ. ಕೇಳಿದವರು ನನ್ನ ಪ್ರಾಮಾಣಿಕತೆಯನ್ನು ಶಂಕಿಸಿರಲಿಲ್ಲ. ಲೆಕ್ಕ ಕೇಳಿದ್ದರು, ಅಷ್ಟೆ. ಲೆಕ್ಕವಿಲ್ಲದ ನಾನು ಅದನ್ನು ಅವಮಾನವೆಂದು ತಿಳಿದೆ.

ಬಳಗದ ಹಿರಿಯರೊಬ್ಬರು, ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದವರು, ಮೂರು ಭಾನುವಾರ ನಮ್ಮ ಅಡುಗೆಮನೆಯ ಮೇಜಿನ ಮುಂದೆ ಕುಳಿತು ಸಾಲು ಸಾಲಾಗಿ ಲೆಕ್ಕ ಬರೆಸಿದರು. ನಿರ್ದಿಷ್ಟ ಉದ್ದೇಶಕ್ಕೆಂದು ಎತ್ತಿದ ಹಣವನ್ನು ಆ ಉದ್ದೇಶಕ್ಕೇ ಬಳಸಬೇಕೆಂಬುದು ಇಲ್ಲಿನ ದತ್ತಿ ಕಾನೂನಿನ ಮೂಲ ನಿಯಮ. ಅದನ್ನು ದೀಪಾವಳಿಯ ಊಟಕ್ಕೆ ಹಾಕುವಂತಿಲ್ಲ. ಖಜಾಂಚಿಯ ಮನಸ್ಸಿಗೆ ಬಂದಂತೆ ಹಂಚುವಂತೆಯೂ ಇಲ್ಲ. ಪತ್ತೆಯಾದ ದಾನಿಗಳಿಗೆಲ್ಲ ಬರೆದು ಕೇಳಿದೆವು. ನಾಲ್ವರು ತಮ್ಮ ಪಾಲನ್ನು ಹಿಂದಕ್ಕೆ ಪಡೆದರು. ಉಳಿದವರು ವಿದ್ಯಾರ್ಥಿಗಳ ಆಪತ್ಕಾಲಕ್ಕೆಂದು ಪ್ರತ್ಯೇಕ ನಿಧಿಯಾಗಿಡಲು ಒಪ್ಪಿದರು. ಅದಕ್ಕೊಂದು ಪುಸ್ತಕ, ಮೂವರು ಸಹಿದಾರರು, ವರ್ಷಕ್ಕೊಮ್ಮೆ ಹೊರಗಿನವರಿಂದ ತಪಾಸಣೆ ಎಂದು ನಿಯಮ ಮಾಡಿದೆವು. ಈಗ ನಮ್ಮ ಪ್ರತಿಯೊಂದು ಮನವಿಯಲ್ಲೂ ಎರಡು ಸಾಲು ಕಡ್ಡಾಯ: ಹಣ ಮಿಕ್ಕರೆ ಏತಕ್ಕೆ ಬಳಸುತ್ತೇವೆ, ಮತ್ತು ನಿಮ್ಮ ಹೆಸರನ್ನು ಕುಟುಂಬಕ್ಕೆ ತಿಳಿಸಬಹುದೇ.

ಬವಣೆಗಳು ಇನ್ನೂ ಇವೆ

ಹಣದ ಲೆಕ್ಕ ಕಲಿತರೆ ಎಲ್ಲವೂ ಮುಗಿಯಿತೆಂದಲ್ಲ. ಸಣ್ಣ ಸಂಸ್ಥೆಗಳ ಅತಿ ದೊಡ್ಡ ಕೊರತೆ ಜನ. ಮಹಾಸಭೆಯಲ್ಲಿ "ಮುಂದಿನ ವರ್ಷಕ್ಕೆ ಕಾರ್ಯದರ್ಶಿ ಯಾರಾಗುತ್ತೀರಿ?" ಎಂದ ಕ್ಷಣ ಸಭಾಂಗಣದಲ್ಲಿ ಎಲ್ಲರೂ ತಮ್ಮ ತಮ್ಮ ಮೊಬೈಲನ್ನು ಆಸಕ್ತಿಯಿಂದ ನೋಡತೊಡಗುತ್ತಾರೆ. ತಪ್ಪು ಅವರದಲ್ಲ. ಇಬ್ಬರೂ ದುಡಿಯುವ ಮನೆ, ಪಾಳಿಯ ಕೆಲಸ, ಗಂಟೆಗಟ್ಟಲೆ ಟ್ಯೂಬ್ ಪ್ರಯಾಣ. ಟ್ರಸ್ಟಿಗಳಿಗೆ ಸಂಬಳವಿಲ್ಲ, ಹೊಣೆ ಮಾತ್ರ ಕಾನೂನಿನದು. ಹೀಗಾಗಿ ಐದಾರು ಜನರೇ ಹತ್ತು ವರ್ಷ ಎಳೆಯುತ್ತಾರೆ. ಆಮೇಲೆ ದಣಿಯುತ್ತಾರೆ, ಇಲ್ಲವೇ ಸಂಸ್ಥೆ ತಮ್ಮದೇ ಎಂದು ಭಾವಿಸತೊಡಗುತ್ತಾರೆ. ಎರಡೂ ಅಪಾಯಕರ.

ಭಾನುವಾರದ ಕನ್ನಡ ತರಗತಿಯನ್ನೇ ನೋಡಿ. ಹತ್ತು ಮಕ್ಕಳಿಗೆ ಅ, ಆ, ಇ, ಈ ಕಲಿಸಲು ಶಾಲೆಯ ಕೊಠಡಿ ಬಾಡಿಗೆಗೆ ಬೇಕು, ವಿಮೆ ಬೇಕು, ಮಕ್ಕಳ ಸುರಕ್ಷತೆಯ ಲಿಖಿತ ನೀತಿ ಬೇಕು, ಕಲಿಸುವವರ ಹಿನ್ನೆಲೆಯ ತಪಾಸಣೆ ಬೇಕು. "ನಮ್ಮ ಮಕ್ಕಳಿಗೆ ನಾವೇ ಪಾಠ ಹೇಳಲು ಪೊಲೀಸ್ ದಾಖಲೆ ಏಕೆ?" ಎಂದು ಹಿರಿಯ ಶಿಕ್ಷಕಿಯೊಬ್ಬರು ನೊಂದುಕೊಂಡಿದ್ದರು. ಆಸ್ಪತ್ರೆಯಲ್ಲಿ ಮೂರು ದಶಕದ ಅನುಭವವಿರುವ ನನಗೂ ಅದೇ ತಪಾಸಣೆಯಿದೆ ಎಂದ ಮೇಲೆ ಅವರು ಅರ್ಜಿ ತುಂಬಿದರು. ಇನ್ನು ಬ್ಯಾಂಕುಗಳ ಕಾಟ. ಸಣ್ಣ ದತ್ತಿ ಸಂಸ್ಥೆಗಳು ಖಾತೆ ತೆರೆಯುವುದೂ ಸಹಿದಾರರನ್ನು ಬದಲಿಸುವುದೂ ಎಷ್ಟು ಕಷ್ಟವಾಗಿದೆಯೆಂದರೆ, 2023ರಲ್ಲಿ ಚಾರಿಟಿ ಕಮಿಷನ್ನೇ ಬ್ಯಾಂಕುಗಳಿಗೆ ಬಹಿರಂಗ ಪತ್ರ ಬರೆಯಬೇಕಾಯಿತು.

ಊರಿಗೆ ನೆರವು ಕಳುಹಿಸುವುದೂ ಸುಲಭವಲ್ಲ. 2019ರ ಆಗಸ್ಟ್‌ನಲ್ಲಿ ಉತ್ತರ ಕರ್ನಾಟಕ ನೆರೆಯಲ್ಲಿ ಮುಳುಗಿದಾಗ ನಮ್ಮ ಬಳಗದವರೂ ಹಣ ಕೂಡಿಸಿದರು. ಬೆಳಗಾವಿ ಜಿಲ್ಲೆಯ ಶಾಲೆಯೊಂದಕ್ಕೆ ನೇರವಾಗಿ ಕೊಡಬೇಕೆಂಬುದು ಎಲ್ಲರ ಆಸೆ. ಆದರೆ ಇಲ್ಲಿನ ಸಂಸ್ಥೆಯ ಹಣ ಭಾರತದ ಕಾನೂನಿನ ದೃಷ್ಟಿಯಲ್ಲಿ ವಿದೇಶಿ ದೇಣಿಗೆ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ನೋಂದಣಿಯನ್ನೋ ಪೂರ್ವಾನುಮತಿಯನ್ನೋ ಪಡೆದ ಸಂಸ್ಥೆ ಮಾತ್ರ ಅದನ್ನು ಸ್ವೀಕರಿಸಬಹುದು. 2020ರ ತಿದ್ದುಪಡಿಯ ನಂತರವಂತೂ ಅಂಥ ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್‌ನ ಮುಖ್ಯ ಶಾಖೆಗೇ ಬರಬೇಕು. ಊರಿನ ಬಂಧುಗಳು "ನಮ್ಮ ಶಾಲೆಗೆ ಒಂದಿಷ್ಟು ಕಳಿಸಿ" ಎಂದು ಕೇಳಿದಾಗ ನಾವು ಹಿಂದೆಮುಂದೆ ನೋಡುವುದು ಜಿಪುಣತನದಿಂದಲ್ಲ ಎಂಬುದನ್ನು ಈ ಮೂಲಕ ಅರಿಕೆ ಮಾಡಿಕೊಳ್ಳುತ್ತೇನೆ.

ಒಡಕಿನ ಮಾತನ್ನೂ ಮುಚ್ಚಿಡಬಾರದು. ಜಿಲ್ಲೆಗೊಂದು, ಜಾತಿಗೊಂದು ಗುಂಪು ಕಟ್ಟಿಕೊಳ್ಳುವ ಅಭ್ಯಾಸವನ್ನು ನಾವು ವಿಮಾನದಲ್ಲಿ ಜೊತೆಗೇ ತಂದಿದ್ದೇವೆ. ಹಬ್ಬ ಮಾಡಲು ಎಷ್ಟು ಗುಂಪುಗಳಿದ್ದರೂ ಅಡ್ಡಿಯಿಲ್ಲ. ಆದರೆ ಆ ಫೆಬ್ರುವರಿಯಲ್ಲಿ ಹಣ ಕೊಟ್ಟ ಮುನ್ನೂರು ಜನರಲ್ಲಿ ಒಬ್ಬರೂ ಹುಡುಗನ ಜಾತಿಯನ್ನು ಕೇಳಲಿಲ್ಲ ಎಂಬುದನ್ನು ನಾನು ಪ್ರತಿ ಮಹಾಸಭೆಯಲ್ಲೂ ನೆನಪಿಸುತ್ತೇನೆ.

ಬರುವವರಿಗೆ ನಾಲ್ಕು ಮಾತು

ಬರಲು ಸಿದ್ಧರಾಗಿರುವವರಿಗೂ ಅವರನ್ನು ಕಳುಹಿಸುವವರಿಗೂ ಅನುಭವದಿಂದ ಒಂದೆರಡು ಮಾತು. ಬಂದ ಮೊದಲ ವಾರವೇ ಹತ್ತಿರದ ಜಿಪಿ ವೈದ್ಯರಲ್ಲಿ ಹೆಸರು ನೋಂದಾಯಿಸಿ. ನಿಮ್ಮ ಜೊತೆಗಾರರೊಬ್ಬರ ಬಳಿ ಮನೆಯವರ ದೂರವಾಣಿ ಸಂಖ್ಯೆ ಇರಲಿ. ಪ್ರಯಾಣ ವಿಮೆ ಕೊಳ್ಳುವಾಗ, ಅಶುಭವೆನಿಸಿದರೂ, ದೇಹವನ್ನು ಸ್ವದೇಶಕ್ಕೆ ಮರಳಿಸುವ ವೆಚ್ಚ ಅದರಲ್ಲಿ ಸೇರಿದೆಯೇ ಎಂದು ಓದಿ ನೋಡಿ.

ಯಾವುದೇ ಸಂಸ್ಥೆಗೆ ಹಣ ಕೊಡುವ ಮೊದಲು ಅದರ ನೋಂದಣಿ ಸಂಖ್ಯೆ ಕೇಳಿ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ವರ್ಷಕ್ಕೆ 5,000 ಪೌಂಡ್‌ಗಿಂತ ಹೆಚ್ಚು ಆದಾಯವಿರುವ ದತ್ತಿ ಸಂಸ್ಥೆಗಳು ಸಾಮಾನ್ಯವಾಗಿ ಚಾರಿಟಿ ಕಮಿಷನ್‌ನಲ್ಲಿ ನೋಂದಾಯಿಸಿಕೊಳ್ಳಬೇಕು. ಟ್ರಸ್ಟಿಗಳ ಹೆಸರು, ಆದಾಯ, ವೆಚ್ಚಗಳನ್ನು ನೀವು ಮೈಸೂರಿನಲ್ಲಿ ಕುಳಿತೇ ಅದರ ಜಾಲತಾಣದಲ್ಲಿ ನೋಡಬಹುದು. ಇಲ್ಲಿ ತೆರಿಗೆ ಕಟ್ಟುವವರಾದರೆ ಗಿಫ್ಟ್ ಏಡ್ ನಮೂನೆಗೆ ಸಹಿ ಹಾಕಿ. ನೀವು ಕೊಟ್ಟ 100 ಪೌಂಡ್‌ಗೆ ಸರ್ಕಾರ 25 ಸೇರಿಸುತ್ತದೆ. ಹಬ್ಬದ ಟಿಕೆಟ್ಟಿನ ಹಣಕ್ಕೆ ಇದು ಸಲ್ಲದು. ಎಲ್ಲಕ್ಕಿಂತ ಮುಖ್ಯವಾಗಿ, ಕಷ್ಟ ಬರುವ ಮೊದಲೇ ಸದಸ್ಯರಾಗಿ. ತಿಂಗಳಿಗೆ ಎರಡು ಗಂಟೆ ಕುರ್ಚಿ ಜೋಡಿಸಿ, ಪಾತ್ರೆ ತೊಳೆಯಿರಿ, ನಡಾವಳಿ ಬರೆಯಿರಿ. ಬಳಗವೆಂಬುದು ಯಾರೋ ನಿಮಗಾಗಿ ಸಿದ್ಧವಾಗಿಟ್ಟಿರುವ ಛತ್ರವಲ್ಲ.

ಆ ಶಿಕ್ಷಕರು ಕೊನೆಗೆ ಒಂದೇ ಒಂದು ಕಾಗದ ಬರೆದರು, ಎಲ್ಲರಿಗೂ ಸೇರಿ. ನಾನು ಗುರುತಿಸಿ ಕಳುಹಿಸಿದ ಹೆಸರುಗಳನ್ನು ಅದರಲ್ಲಿ ಒಂದೊಂದಾಗಿ ತಮ್ಮ ದುಂಡು ಅಕ್ಷರದಲ್ಲಿ ಬರೆದು, ಕೆಳಗೆ ಒಂದಿಷ್ಟು ಜಾಗ ಖಾಲಿ ಬಿಟ್ಟಿದ್ದರು. ಹೆಸರು ತಿಳಿಯದವರಿಗೆಂದು ಆ ಜಾಗ. ಆ ಕಾಗದ ನಮ್ಮ ನಡಾವಳಿ ಪುಸ್ತಕದ ಮೊದಲ ಪುಟದಲ್ಲಿದೆ.

ಈಗ ನಮ್ಮ ಖಜಾಂಚಿ ಇಪ್ಪತ್ತೆಂಟು ವರ್ಷದ ಹುಡುಗಿ. ಓದುವಾಗ ಕೆಲಸ ಹೋಗಿ, ಅದೇ ಆಪತ್ಕಾಲದ ನಿಧಿಯಿಂದ ಎರಡು ತಿಂಗಳ ಬಾಡಿಗೆ ಪಡೆದವಳು. ಪೂರ್ತಿ ಹಿಂದಿರುಗಿಸಿದ ಮೇಲೆ ತಾನಾಗಿ ಬಂದು ಹುದ್ದೆ ವಹಿಸಿಕೊಂಡಳು. ಕಳೆದ ಯುಗಾದಿಗೆ ಸಾಮಾನು ತಂದ ನನಗೆ ಕಾರು ನಿಲ್ಲಿಸಿದ 4 ಪೌಂಡ್ 60 ಪೆನ್ಸ್ ಬರಬೇಕಿತ್ತು. "ರಶೀದಿ ಇಲ್ಲದೆ ಕೊಡಲು ಬರುವುದಿಲ್ಲ ಅಂಕಲ್" ಎಂದಳು. ನಾನು ಕಾರಿಗೆ ಹಿಂದಿರುಗಿ, ಸೀಟಿನ ಕೆಳಗೆಲ್ಲ ಹುಡುಕಿ, ರಶೀದಿ ತಂದುಕೊಟ್ಟೆ.

ಮುಂದಿನ ಸಲ ಊರಿನ ಬಾಗಿಲ ಬಳಿ ಯಾರಾದರೂ ಆ ಪ್ರಶ್ನೆ ಕೇಳಿದರೆ, ನಾನು ಅವಳ ವಿಷಯವನ್ನೇ ಹೇಳುತ್ತೇನೆ.